ಕ್ರೀಡಾಂಗಣ ಬಂತು, ಕ್ಲಬ್ ಬರಲಿಲ್ಲ

2022ರ ಅಕ್ಟೋಬರ್ 30ರಂದು ನವಿಮುಂಬಯಿಯ ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಸ್ಪೇನಿನ ಹುಡುಗಿಯರು ಕೊಲಂಬಿಯಾವನ್ನು 1-0ರಿಂದ ಮಣಿಸಿ 17 ವರ್ಷದೊಳಗಿನವರ ಫುಟ್ಬಾಲ್ ವಿಶ್ವಕಪ್ ಗೆದ್ದರು. ಅದೇ ವರ್ಷದ ಫೆಬ್ರುವರಿಯಲ್ಲಿ ಅಲ್ಲೇ ಮಹಿಳಾ ಏಷ್ಯಾ ಕಪ್ ಫೈನಲ್ ನಡೆದಿತ್ತು. 2017ರಲ್ಲಿ ಹುಡುಗರ ವಿಶ್ವಕಪ್ಪಿನ ಸೆಮಿಫೈನಲ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊಟ್ಟಮೊದಲ ಫೈನಲ್ ಕೂಡ ಅಲ್ಲಿಯೇ. ಬೇಲಾಪುರದಿಂದ ನೆರೂಲ್ ಎರಡನೆಯ ಸ್ಟೇಶನ್. ಇಷ್ಟೆಲ್ಲ ಮನೆ ಬಾಗಿಲಲ್ಲೇ ನಡೆದರೂ ಬೇಲಾಪುರ, ಸೀವುಡ್ಸ್, ಖಾರ್ಘರ್‌ಗಳ ಜನ ‘ಇದು ನಮ್ಮದು’ ಎಂದು ಶನಿವಾರ ಸಂಜೆ ನೋಡಲು ಹೋಗುವಂಥ, ರಾಷ್ಟ್ರೀಯ ಲೀಗ್‌ನಲ್ಲಿ ಹೆಸರಿರುವ ಒಂದು ಕ್ಲಬ್ ಇಲ್ಲಿಲ್ಲ. ಕ್ರಿಕೆಟ್ ಎಲ್ಲವನ್ನೂ ನುಂಗಿತು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಿದೆ. ಆದರೆ ಕ್ರಿಕೆಟ್ಟಿನ ಹುಚ್ಚು ಕೋಲ್ಕತ್ತಾದಲ್ಲಿ ಕಡಿಮೆಯೇನಲ್ಲ, ಅಲ್ಲಿ ಫುಟ್ಬಾಲ್ ಕ್ಲಬ್‌ಗಳು ನೂರು ವರ್ಷ ದಾಟಿ ಬಾಳುತ್ತಿವೆ. ಕಾರಣವನ್ನು ಬೇರೆ ಕಡೆ ಹುಡುಕಬೇಕು. ಮುಂಬಯಿಗೂ ನವಿಮುಂಬಯಿಗೂ ನಡುವಿನ ಖಾಡಿಯ ಈಚೆ ದಡದಲ್ಲಿ ಕ್ಲಬ್ ಹುಟ್ಟದೆ ಹೋದದ್ದಕ್ಕೂ ಆಚೆ ದಡದಲ್ಲಿ ಹುಟ್ಟಿದವು ಸತ್ತದ್ದಕ್ಕೂ ಬೇರು ಒಂದೇ ಎಂದು ನನಗೆ ತೋರುತ್ತದೆ: ಇಲ್ಲಿ ಕ್ಲಬ್‌ಗಳನ್ನು ಮಾಲೀಕರು ಕಟ್ಟಿದರು, ಊರು ಕಟ್ಟಲಿಲ್ಲ.

ಮುಂಬಯಿಗೆ ಫುಟ್ಬಾಲ್ ಹೊಸದಲ್ಲ. 1891ರಲ್ಲಿ ಶುರುವಾದ ರೋವರ್ಸ್ ಕಪ್ ದೇಶದ ಹಳೆಯ ಪಂದ್ಯಾವಳಿಗಳಲ್ಲಿ ಒಂದು. ಬ್ರಿಟಿಷ್ ಪಲ್ಟನ್ನುಗಳ ಸೊತ್ತಿನಂತಿದ್ದ ಆ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಕಸಿದುಕೊಂಡ ಭಾರತೀಯ ತಂಡ ನಮ್ಮ ಕಡೆಯದು, ಬೆಂಗಳೂರು ಮುಸ್ಲಿಮ್ಸ್. ಕನ್ನಡಿಗರು ಇದನ್ನು ಅಷ್ಟಾಗಿ ಹೇಳಿಕೊಂಡಿಲ್ಲ ಎಂಬುದು ಬೇರೆ ಮಾತು. ಸ್ವಾತಂತ್ರ್ಯದ ನಂತರ ಈ ಶಹರದ ಫುಟ್ಬಾಲನ್ನು ಕಂಪನಿಗಳು ಸಾಕಿದವು: ಕಾಲ್ಟೆಕ್ಸ್, ಟಾಟಾ, ಮಫತ್‌ಲಾಲ್, ಏರ್ ಇಂಡಿಯಾ, ಮಹೀಂದ್ರಾ, ಜೊತೆಗೆ ರೈಲ್ವೆ ಮತ್ತು ಬ್ಯಾಂಕುಗಳು. ಆಟಗಾರನಿಗೆ ನೌಕರಿ, ತಿಂಗಳ ಸಂಬಳ, ಪಂದ್ಯದ ದಿನ ರಜೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೂರು ಗೋಲು ಬಾರಿಸಿದ ನೆವಿಲ್ ಡಿಸೋಜಾ ಇದೇ ಶಹರದ ಫುಟ್ಬಾಲಿನಿಂದ ಬಂದವರು. ಈ ಏರ್ಪಾಡನ್ನು ಹಗುರವಾಗಿ ಕಾಣಬಾರದು, ನೂರಾರು ಮನೆಗಳ ಒಲೆ ಅದರಿಂದ ಉರಿದಿದೆ. ಆದರೆ ಅದರ ಪ್ರಾಣವಿದ್ದದ್ದು ಆಫೀಸಿನ ಲೆಕ್ಕದ ಪುಸ್ತಕದಲ್ಲಿ. 1962ರಲ್ಲಿ ಹುಟ್ಟಿದ ಮಹೀಂದ್ರಾ ತಂಡ 2006ರಲ್ಲಿ ರಾಷ್ಟ್ರೀಯ ಲೀಗ್ ಚಾಂಪಿಯನ್ ಆಯಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದನ್ನು ಮುಚ್ಚಿದರು. ಸೋತು ಮುಚ್ಚಿದ್ದಲ್ಲ, ಇನ್ನು ಬೇಡ ಅನ್ನಿಸಿ ಮುಚ್ಚಿದ್ದು.

ಇದಕ್ಕೆ ಪರಿಹಾರವೆಂಬಂತೆ ಬಂದದ್ದು ಮುಂಬೈ ಎಫ್‌ಸಿ. 2007ರಲ್ಲಿ ಎಸ್ಸೆಲ್ ಸಮೂಹ ಇದನ್ನು ಹುಟ್ಟುಹಾಕಿತು. ಕಂಪನಿಯ ಹೆಸರಿಲ್ಲ, ಶಹರದ ಹೆಸರೇ ಹೆಸರು. ಇಂಗ್ಲೆಂಡಿನ ಡೇವಿಡ್ ಬೂತ್ ತರಬೇತಿಯಲ್ಲಿ ಮೊದಲ ವರ್ಷವೇ ಎರಡನೇ ಡಿವಿಜನ್ ಗೆದ್ದು ಆಗಿನ ಅಗ್ರ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಹತ್ತಿತು. ಆಮೇಲಿನ ಕಥೆ ಕೆಳಗೆ ಬೀಳದಂತೆ ಹಿಡಿದುಕೊಂಡ ಕಥೆ. ಕೂಪರೇಜ್ ಮೈದಾನ ದುರಸ್ತಿಯಲ್ಲಿದ್ದ ಋತುಗಳಲ್ಲಿ ಮುಂಬಯಿಯ ಹೆಸರು ಹೊತ್ತ ತಂಡ ತನ್ನ ‘ತವರು’ ಪಂದ್ಯಗಳನ್ನು ಪುಣೆಯ ಬಾಲೇವಾಡಿಯಲ್ಲಿ ಆಡಿತು. ಬೆಂಬಲಿಗನೊಬ್ಬ ತನ್ನೂರಿನ ತಂಡವನ್ನು ನೋಡಲು ಘಟ್ಟ ಹತ್ತಬೇಕಾದ ಸ್ಥಿತಿ ಅದು. ಆದರೂ ‘ಯೆಲ್ಲೋ ಬ್ರಿಗೇಡ್’ ಎಂಬ ಅಭಿಮಾನಿ ಗುಂಪು ಹುಟ್ಟಿಕೊಂಡಿತು. ಮೊದಲು ಆಟಗಾರರಾಗಿ, ಆಮೇಲೆ ಕೋಚ್ ಆಗಿ ಖಾಲಿದ್ ಜಮೀಲ್ ಕಡಿಮೆ ದುಡ್ಡಿನ ತಂಡವನ್ನು ವರ್ಷ ವರ್ಷವೂ ದಡ ಮುಟ್ಟಿಸಿದರು. 2016ರಲ್ಲಿ ಕ್ಲಬ್ ಅವರನ್ನು ಬಿಟ್ಟಿತು. ಅವರು ಮಿಜೋರಾಮಿನ ಐಜ್ವಾಲ್ ಎಫ್‌ಸಿಗೆ ಹೋದರು. 2016-17ರ ಐ-ಲೀಗ್ ಮುಗಿದಾಗ ಪಟ್ಟಿಯ ತುದಿಯಲ್ಲಿ ಐಜ್ವಾಲ್, ತಳದಲ್ಲಿ ಮುಂಬೈ ಎಫ್‌ಸಿ. ಕೆಳಗಿಳಿದ ಕ್ಲಬ್ ಮತ್ತೆ ಆಡಲೇ ಇಲ್ಲ. ಬೇರೆ ದೇಶಗಳಲ್ಲಿ ತಂಡ ಕೆಳಗಿಳಿದರೆ ಬೆಂಬಲಿಗರು ಒಂದು ವರ್ಷ ಬೈದುಕೊಂಡು ಮತ್ತೆ ಟಿಕೆಟ್ ಕೊಳ್ಳುತ್ತಾರೆ. ಇಲ್ಲಿ ಕ್ಲಬ್ಬನ್ನೇ ಎತ್ತಿಬಿಟ್ಟರು, ತಡೆಯುವ ಹಕ್ಕು ಆ ಹಳದಿ ಅಂಗಿಯವರಲ್ಲಿ ಒಬ್ಬರಿಗೂ ಇರಲಿಲ್ಲ.

ದುಡ್ಡಿಲ್ಲದೆ ಕ್ಲಬ್ ನಡೆಯುತ್ತದೆಯೇ, ಮಾಲೀಕರನ್ನು ದೂರಿ ಏನು ಫಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಮುಂಬಯಿ ಕನ್ನಡಿಗರ ಕಣ್ಣೆದುರಿನ ಉದಾಹರಣೆಯೇ ಇದೆ, ಚರ್ಚ್‌ಗೇಟ್ ಬಳಿಯ ಕ್ರಾಸ್ ಮೈದಾನದ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಶನ್. ಮಳೆಗಾಲದ ಕಾಂಗಾ ಲೀಗ್‌ನಲ್ಲಿ ಕ್ರಿಕೆಟ್, ನಗರದ ಲೀಗ್‌ನಲ್ಲಿ ಫುಟ್ಬಾಲ್. ಒಬ್ಬರ ಬೌಂಡರಿ ಇನ್ನೊಬ್ಬರ ಪಿಚ್ಚಿನ ಅಂಚಿಗೆ ತಾಗುವ, ಆಫೀಸಿಗೆ ಹೋಗುವವರು ಬಿರಬಿರನೆ ದಾಟಿಹೋಗುವ ಮೈದಾನ ಅದು. ಮಹೀಂದ್ರಾ ಹೋಯಿತು, ಮುಂಬೈ ಎಫ್‌ಸಿ ಹೋಯಿತು, ಇದು ಉಳಿದಿದೆ. ಏಕೆಂದರೆ ಇದನ್ನು ಮುಚ್ಚಬಲ್ಲ ಒಬ್ಬ ಧಣಿ ಇಲ್ಲ. ಇರುವುದು ಸಂಘ, ಅದಕ್ಕೊಂದು ನೆಲ. ಹಾಗೆಂದು ಇದನ್ನು ಹೊತ್ತು ಮೆರೆಸಿದರೂ ತಪ್ಪಾದೀತು. ಬಾಳಿಕೆಯೊಂದೇ ಗೆಲುವಲ್ಲ. ಐಜ್ವಾಲ್ ಏರಿದ ಎತ್ತರಕ್ಕೆ ಏರಲು ದುಡ್ಡು, ತರಬೇತಿ, ಲೈಸೆನ್ಸ್ ಎಲ್ಲವೂ ಬೇಕು. ಧಣಿ ಮಾತ್ರ ಇದ್ದರೆ ಕ್ಲಬ್ ಅಲ್ಪಾಯು, ಸಂಘ ಮಾತ್ರ ಇದ್ದರೆ ಬೆಳವಣಿಗೆ ಕಷ್ಟ. ಎರಡನ್ನೂ ಹೊಂದಿಸಿಕೊಂಡ ಮೂರನೆಯ ಮಾದರಿ ಈ ಶಹರದಲ್ಲಿ ಬೇರು ಬಿಡಲಿಲ್ಲ.

ಈಗ ಖಾಡಿ ದಾಟೋಣ. 1970ರಲ್ಲಿ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಸ್ಥಾಪನೆಯಾಗಿ, ನಕ್ಷೆ ಮೊದಲು ಜನ ಆಮೇಲೆ ಎಂಬ ಕ್ರಮದಲ್ಲಿ ನವಿಮುಂಬಯಿ ಎದ್ದಿತು. ಸೆಕ್ಟರಿಗೊಂದು ಶಾಲೆ, ಮಾರುಕಟ್ಟೆ, ಆಟದ ಬಯಲು ಗುರುತಾದವು. ಆದರೆ ಕ್ಲಬ್ಬಿಗೆ ಬೇಕಾದದ್ದು ಬಯಲೊಂದೇ ಅಲ್ಲ, ಹತ್ತಲು ಏಣಿಯೂ ಬೇಕು. ನಮ್ಮ ದೇಶದಲ್ಲಿ ಆ ಏಣಿ ಜಿಲ್ಲೆಯಿಂದ ಶುರುವಾಗಿ ರಾಜ್ಯ ಸಂಸ್ಥೆಯ ಮೂಲಕ ರಾಷ್ಟ್ರೀಯ ಲೀಗ್‌ನ ಕೆಳಹಂತಗಳಿಗೆ ಹೋಗುತ್ತದೆ, ಮತ್ತು ಇಲ್ಲಿ ಅದರ ಗಟ್ಟಿ ಮೆಟ್ಟಿಲುಗಳಿರುವುದು ಮುಂಬಯಿಯಲ್ಲಿ. ಪಂದ್ಯಗಳು ಬಾಂದ್ರಾದಲ್ಲಿ, ಕೂಪರೇಜ್‌ನಲ್ಲಿ. ಬೇಲಾಪುರದ ಹುಡುಗ ಕಿಟ್ ಹೆಗಲಿಗೇರಿಸಿಕೊಂಡು ಹಾರ್ಬರ್ ಲೈನಿನಲ್ಲಿ ಒಂದು ಗಂಟೆಗೂ ಮೀರಿ ಪ್ರಯಾಣಿಸಿ ಲೀಗ್ ಪಂದ್ಯ ಆಡಿ ಬರಬೇಕು. ಇದು ಆಗದ ಕೆಲಸ ಎನ್ನುತ್ತಿಲ್ಲ. ಥಾಣೆ ಜಿಲ್ಲೆಯ ಅಂಬರ್‌ನಾಥ್‌ನ ಹೆಸರು ಹೊತ್ತ ಅಂಬರ್‌ನಾಥ್ ಯುನೈಟೆಡ್ ಅಟ್ಲಾಂಟಾ ಎಫ್‌ಸಿ ಮುಂಬಯಿಯ ಲೀಗ್‌ನಲ್ಲೇ ಆಡಿ 2022-23ರಲ್ಲಿ ಐ-ಲೀಗ್‌ನ ಎರಡನೇ ಡಿವಿಜನ್‌ವರೆಗೂ ಹೋಯಿತು. ಉಪನಗರದ ಹೆಸರಿಟ್ಟುಕೊಂಡೂ ಮೇಲೇರಬಹುದು ಎಂಬುದಕ್ಕೆ ಅದು ಸಾಕ್ಷಿ, ಏಣಿ ಪರ ಊರಲ್ಲೇ ಇದೆ ಎಂಬುದಕ್ಕೂ ಅದೇ ಸಾಕ್ಷಿ.

ಇನ್ನು ಕ್ರೀಡಾಂಗಣದ ಮಾತು. 2008ರಲ್ಲಿ ಬಾಗಿಲು ತೆರೆದ ಡಿ.ವೈ. ಪಾಟೀಲ್ ಕ್ರೀಡಾಂಗಣ ಖಾಸಗಿಯವರದು. ಫುಟ್ಬಾಲಿಗೆ, ಐಪಿಎಲ್‌ಗೆ, ಕೋಲ್ಡ್‌ಪ್ಲೇ ಸಂಗೀತಕ್ಕೆ, 2025ರ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್‌ಗೆ ಬಾಡಿಗೆಗೆ ಸಿಗುವ ದೊಡ್ಡ ಕಲ್ಯಾಣಮಂಟಪ ಅದು. ಐಎಸ್‌ಎಲ್‌ನ ಮುಂಬೈ ಸಿಟಿ ಮೊದಲೆರಡು ಋತು ಇಲ್ಲಿ ತವರು ಪಂದ್ಯ ಆಡಿ 2016ರಲ್ಲಿ ಅಂಧೇರಿಗೆ ಹೊರಟುಹೋಯಿತು. ಇದರಲ್ಲಿ ಕ್ರೀಡಾಂಗಣದವರ ತಪ್ಪೇನೂ ಇಲ್ಲ, ಮಂಟಪ ಕಟ್ಟಿದವರು ಮದುವೆಗೆ ಹೊಣೆಯಲ್ಲ.

ಮೂರನೆಯ ಮಾದರಿ ಎಂದೆನಲ್ಲ, ಅದು ದೂರದ ಕೆನಡಾದಲ್ಲಿದೆ. ವ್ಯಾಂಕೂವರ್ ಪಕ್ಕದ ಬರ್ನಬಿಯ ಟಿಎಸ್‌ಎಸ್ ರೋವರ್ಸ್ 2017ರಲ್ಲಿ ಶುರುವಾದ ಕೆಳಹಂತದ ಕ್ಲಬ್. ಅಲ್ಲಿ ಬೆಂಬಲಿಗರು ಟಿಕೆಟ್ ಜೊತೆಗೆ ಕ್ಲಬ್ಬಿನ ಪಾಲನ್ನೂ ಕೊಂಡಿದ್ದಾರೆ. 2023ರ ಏಪ್ರಿಲ್‌ನಲ್ಲಿ ಕೆನಡಿಯನ್ ಚಾಂಪಿಯನ್‌ಶಿಪ್‌ನಲ್ಲಿ ಈ ತಂಡ ವಿನಿಪೆಗ್‌ನ ವೃತ್ತಿಪರ ಕ್ಲಬ್ ವ್ಯಾಲರ್ ಎಫ್‌ಸಿಯನ್ನು 3-1ರಿಂದ ಹೊರದಬ್ಬಿತು. ಶ್ರೀಮಂತ ದೇಶದ ಮಾತು ಇಲ್ಲಿಗೆ ಹೊಂದದು ಎನ್ನುವವರಿದ್ದಾರೆ. ಆದರೆ ನೂರಾರು ಜನ ಚೂರುಚೂರು ಹಾಕಿ ಒಂದು ಸಂಸ್ಥೆ ನಡೆಸುವುದನ್ನು ಮುಂಬಯಿ ಕನ್ನಡಿಗರಿಗೆ ಕೆನಡಾದವರು ಕಲಿಸಬೇಕಾಗಿಲ್ಲ. ರಾತ್ರಿಶಾಲೆ, ಜಾತಿ ಸಂಘ, ಸಹಕಾರಿ ಬ್ಯಾಂಕ್, ಯಕ್ಷಗಾನ ಮಂಡಳಿ ಎಲ್ಲವನ್ನೂ ಅವರು ಹಾಗೆಯೇ ಕಟ್ಟಿದವರು. ಅದೇ ಬುದ್ಧಿ ಫುಟ್ಬಾಲಿಗೆ ಹೊರಳಲಿಲ್ಲ, ಅಷ್ಟೆ.

ಅಕಾಡೆಮಿಗಳು ಬಂದಿವೆಯಲ್ಲ, ಇನ್ನು ಕ್ಲಬ್ ಯಾಕೆ ಎಂಬುದು ಕೊನೆಯ ಆಕ್ಷೇಪ. ನವಿಮುಂಬಯಿಯಲ್ಲೇ 2015ರಿಂದ ರಿಲಯನ್ಸ್ ಫೌಂಡೇಶನ್ ಯಂಗ್ ಚಾಂಪ್ಸ್ ವಸತಿ ಅಕಾಡೆಮಿ ಇದೆ, ಅಲ್ಲಿ ಕಲಿತವರನ್ನು ಐಎಸ್‌ಎಲ್ ಕ್ಲಬ್‌ಗಳು ಕರೆದುಕೊಂಡಿವೆ. ಒಳ್ಳೆಯದೇ. ಆದರೆ ಅಕಾಡೆಮಿ ಅತ್ಯುತ್ತಮರನ್ನು ಆರಿಸುತ್ತದೆ, ಕ್ಲಬ್ ಉಳಿದವರನ್ನು ಉಳಿಸಿಕೊಳ್ಳುತ್ತದೆ. ಹದಿನೆಂಟಕ್ಕೆ ಆಯ್ಕೆಯಾಗದೆ ಇಪ್ಪತ್ತಮೂರಕ್ಕೆ ಪಳಗುವ ಡಿಫೆಂಡರ್‌ಗೆ ಬೇಕಾದದ್ದು ವಾರವಾರದ ಲೀಗ್. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ನಲ್ಲಿ ಗೆಳೆಯರ ಜೊತೆ ಆಡಿದರೆ ಬೆವರು ಬರುತ್ತದೆ, ಅಂಕಪಟ್ಟಿ ಬರುವುದಿಲ್ಲ.

ಹಾಗಾದರೆ ಇಂದು ಬೇಲಾಪುರ–ಖಾರ್ಘರ್ ಪಟ್ಟಿಯವರು ಕ್ಲಬ್ ಕಟ್ಟಲು ಹೊರಟರೆ ಮೊದಲು ಎದುರಾಗುವುದು ದುಡ್ಡಿನ ಪ್ರಶ್ನೆಯಲ್ಲ, ಗಡಿಯ ಪ್ರಶ್ನೆ. ಬೇಲಾಪುರ ಥಾಣೆ ಜಿಲ್ಲೆಯಲ್ಲಿದೆ, ಪಕ್ಕದ ಖಾರ್ಘರ್ ರಾಯಗಡದಲ್ಲಿ. 2023ರ ನವೆಂಬರ್‌ನಿಂದ ಓಡುತ್ತಿರುವ ಬೇಲಾಪುರ–ಪೆಂಧರ್ ಮೆಟ್ರೊ ಆ ಗಡಿಯನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಫುಟ್ಬಾಲಿನ ಕಡತದಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ಊರು. ಎರಡೂ ಜಿಲ್ಲೆಯ ಸಂಸ್ಥೆಗಳು ಕೂಡಿ ನವಿಮುಂಬಯಿಗೆಂದೇ ಒಂದು ಲೀಗ್ ಮಾಡಬೇಕು, ಸಿಡ್ಕೋ ಮತ್ತು ಮಹಾನಗರಪಾಲಿಕೆ ತಮ್ಮ ಬಯಲುಗಳಲ್ಲಿ ವಾರಕ್ಕೆರಡು ಸಂಜೆ ಅದಕ್ಕೆ ಬಿಟ್ಟುಕೊಡಬೇಕು. ಇನ್ನೊಂದು ವಿಶ್ವಕಪ್ ಪಂದ್ಯ ತರಿಸುವುದಕ್ಕಿಂತ ಇದು ಅಗ್ಗ. ಫೋಟೊಗೆ ಚೆನ್ನಾಗಿ ಕಾಣುವುದಿಲ್ಲವಾದ್ದರಿಂದಲೋ ಏನೋ, ಇದು ಯಾರ ಕಾರ್ಯಸೂಚಿಯಲ್ಲೂ ಮೇಲೆ ಬರುವುದಿಲ್ಲ.