ಬೂದು ಕಡಲಿನ ನಾಯಕ ಮೈಕ್ ನೆಲ್ಸನ್

ಪರದೆ ತುಂಬ ಗುಳ್ಳೆ. ಗುಳುಗುಳು ಸದ್ದಿನ ಹಿಂದೆಯೇ ಅಗಲ ಗಾಜಿನ ಮಾಸ್ಕ್, ಬೆನ್ನಿಗೆ ಸಿಲಿಂಡರು, ಕಾಲಿಗೆ ರಬ್ಬರಿನ ಈಜುರೆಕ್ಕೆ. ಮೈಕ್ ನೆಲ್ಸನ್ ಕಡಲಿಗಿಳಿದ! ಟೀವಿಯ ಮುಂದೆ ಬೋರಲು ಮಲಗಿದ ಅಮೆರಿಕದ ಮಕ್ಕಳೂ ಅವನ ಜೊತೆಗೇ ಮುಳುಗಿದರು.

ನೆಲ್ಸನ್ ನಾಯಕನಾದ ಟೀವಿ ಧಾರಾವಾಹಿ ‘ಸೀ ಹಂಟ್’ ಶುರುವಾದದ್ದು 1958ರಲ್ಲಿ. ಕೂಸ್ಟೋ ಮತ್ತು ಗಾನ್ಯಾ ಸೇರಿ ನೀರೊಳಗೆ ಉಸಿರಾಡುವ ಸಾಧನ ಆಕ್ವಾ-ಲಂಗ್ ರೂಪಿಸಿ ಆಗಿನ್ನೂ 15 ವರ್ಷ. ನೀರೊಳಗೆ ಮನುಷ್ಯ ಉಸಿರಾಡುವುದೇ ಜನರಿಗೆ ಸೋಜಿಗ. ದೊಡ್ಡ ಟೀವಿ ಜಾಲಗಳು ಬೇಡವೆಂದ, ನಿರ್ಮಾಪಕ ಐವನ್ ಟೋರ್ಸ್‌ರ ಈ ಧಾರಾವಾಹಿಯನ್ನು ಝಿವ್ ಸಂಸ್ಥೆ ಊರೂರಿನ ಕೇಂದ್ರಗಳಿಗೆ ಮಾರಿತು. 1961ರ ಹೊತ್ತಿಗೆ 155 ಕಂತುಗಳಾದವು!

ಅರ್ಧ ಗಂಟೆಯಲ್ಲಿ ಏನೇನು ಆಗಬೇಕು! ಮುಳುಗಿದ ವಿಮಾನ, ಸಿಡಿಯಲಿರುವ ಬಾಂಬು, ಬಂಡೆಯ ಸಂದಿಗೆ ಸಿಕ್ಕ ಕಾಲು, ಮುಗಿಯುತ್ತಿರುವ ಗಾಳಿ. ಖಳನಂತೂ ಚಾಕು ಹಿರಿದವನೇ ಉಸಿರಿನ ಕೊಳವೆಗೇ ಕೈಹಾಕುವವನು. ಕೊಯ್ದ ಕೊಳವೆಯಿಂದ ಗುಳ್ಳೆಗಳು ಭುಸ್ಸೆಂದು ಮೇಲೇಳುತ್ತವೆ. ನೆಲ್ಸನ್ ಸಾಯುವುದಿಲ್ಲವೆಂದು ಮನೆಮಂದಿಗೆಲ್ಲ ಗೊತ್ತು. ಆದರೂ ಎದೆ ಢವಢವ.

ಬಾಯಲ್ಲಿ ರಬ್ಬರು ಕಚ್ಚಿಕೊಂಡವನು ಮಾತಾಡುವುದೆಂತು? ನಾಯಕನಟ ಲಾಯ್ಡ್ ಬ್ರಿಡ್ಜಸ್ ಅವರೇ ಹಿನ್ನೆಲೆಯಲ್ಲಿ ಕಥೆ ಹೇಳುತ್ತಿದ್ದರು. ಪರದೆಯ ಮೇಲೆ ಶತ್ರುವಿನೊಡನೆ ಹೊರಳಾಟ. ಕಿವಿಯಲ್ಲಿ ಅದೇ ಮನುಷ್ಯನ ನಿರುದ್ವಿಗ್ನ ವರದಿ. ಎಂಥ ನಗು, ಎಂಥ ಸುಖ!

ಆ ಕಾಲದ ಸಲಕರಣೆಯೂ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂತಿತ್ತು. ಎರಡು ಕೊಳವೆಯ ರೆಗ್ಯುಲೇಟರಿನಲ್ಲಿ ಬಿಟ್ಟ ಉಸಿರು ಕತ್ತಿನ ಹಿಂದಿನಿಂದ ಹೊರಡುತ್ತದೆ; ಗುಳ್ಳೆ ಮುಖಕ್ಕೆ ಅಡ್ಡ ಬರುವುದಿಲ್ಲ. ಹಾಗಾಗಿ ಮಾಸ್ಕಿನೊಳಗಿನ ಕಣ್ಣೇ ಅಭಿನಯಿಸಿತು. ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್‌ನ ಸಿಹಿನೀರ ಬುಗ್ಗೆಯಲ್ಲೂ ಚಿತ್ರೀಕರಣ ನಡೆಯಿತು. ಸ್ಫಟಿಕದಂಥ ಆ ನೀರು ಉಪ್ಪಿಲ್ಲದೆಯೇ ಸಮುದ್ರದ ಪಾತ್ರ ಮಾಡಿತು.

ಧಾರಾವಾಹಿಗೆ ಬಣ್ಣವಿಲ್ಲದ್ದು ಕೊರತೆ ಎನ್ನಬೇಡಿ. ಆಳಕ್ಕೆ ಇಳಿದಂತೆ ನೀರು ಮೊದಲು ಕೆಂಪನ್ನೇ ನುಂಗುತ್ತದೆ; ದೀಪವಿಲ್ಲದೆ ಮುಳುಗಿದವನ ಕಣ್ಣಿಗೆ ಲೋಕ ಬಹುಪಾಲು ಮಸುಕು. ಕಪ್ಪು-ಬಿಳುಪಿನ ಪರದೆ ಕಡಲಿಗೆ ಮೋಸ ಮಾಡಲಿಲ್ಲ. ನೆರಳು, ಬೆಳಕು, ಉಸಿರಿನ ಸದ್ದು: ಇಷ್ಟರಿಂದಲೇ ಭಯವನ್ನೂ ಬೆರಗನ್ನೂ ಕಟ್ಟಿತು.

ಆ ಗುಳ್ಳೆಗಳನ್ನು ನೋಡಿಯೇ ಮುಂದೆ ಸ್ಕೂಬಾ ಕಲಿತವರು ಅನೇಕರು. ಮನರಂಜನೆಗೆಂದು ತೆಗೆದ ಧಾರಾವಾಹಿಯೊಂದು ಒಂದು ತಲೆಮಾರಿಗೆ ಕಡಲನ್ನು ಪರಿಚಯಿಸಿತು. ಹಳೆಯ ಕಂತೊಂದು ಸಿಕ್ಕರೆ ಬಿಡಬೇಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.