ಸಕ್ಕರೆ ಕಾಯಿಲೆಯೂ ‘ನೋಡೋಣ’ವೆಂಬ ಮಾತೂ

“ಇನ್ನು ಮೂರು ತಿಂಗಳು ಪಥ್ಯದಲ್ಲಿದ್ದು ನೋಡುತ್ತೇನೆ ಡಾಕ್ಟರೇ, ಇನ್ನೊಂದು ಮಾತ್ರೆ ಈಗಲೇ ಬೇಡ” ಎಂಬ ಮಾತನ್ನು ಕೇಳದ ವೈದ್ಯರು ವಿರಳ. ವೈದ್ಯರೂ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು “ಆಗಲಿ, ನೋಡೋಣ” ಎನ್ನುವರು. ಅಷ್ಟರಲ್ಲಿ ಹಬ್ಬ ಬರುವುದು, ಮನೆಯಲ್ಲಿ ಮದುವೆ ಬರುವುದು. ಪಥ್ಯವು ಮುಂದಕ್ಕೆ ಹೋಗುವುದು. ಹೀಗೆ ವರ್ಷಗಳುರುಳಿದುದು ಯಾರ ಲಕ್ಷ್ಯಕ್ಕೂ ಬಾರದು. ಈ ಕಾಲವಿಳಂಬವನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಇದು ನಮ್ಮ ದೇಶದವರ ದೋಷವೊಂದೇ ಅಲ್ಲ. ಬ್ರಿಟನ್ನಿನಲ್ಲಿ 80,000ಕ್ಕೂ ಮಿಕ್ಕ ಮಧುಮೇಹಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯುಂಟಷ್ಟೆ. ಒಂದೇ ಬಗೆಯ ಮಾತ್ರೆಯನ್ನು ಸೇವಿಸುತ್ತ, ಆ ಪರೀಕ್ಷೆಯಲ್ಲಿ ಶೇಕಡಾ 7 ಅಥವಾ ಅದಕ್ಕೂ ಹೆಚ್ಚು ಬಂದವರಲ್ಲಿ, ಅರ್ಧದಷ್ಟು ಜನರಿಗೆ ಎರಡನೆಯ ಮಾತ್ರೆ ದೊರೆಯುವ ವೇಳೆಗೆ ಸುಮಾರು 2.9 ವರ್ಷಗಳು ಸಂದಿದ್ದುವು. ಶೇಕಡಾ 8ನ್ನು ಮುಟ್ಟಿದವರಿಗೂ 1.6 ವರ್ಷ ಹಿಡಿಯಿತು. ಇನ್ಸುಲಿನ್ನಿನ ವಿಷಯದಲ್ಲಿ ತಡವು ಇದಕ್ಕಿಂತಲೂ ಎಷ್ಟೋ ದೀರ್ಘವಾಗಿತ್ತು.

ಈ ತಡಕ್ಕೆ ಕಾರಣವೇನು? ಔಷಧ ಹೆಚ್ಚಿತೆಂದರೆ ತಾನು ಸೋತೆನೆಂದು ರೋಗಿಯು ಭಾವಿಸುವನು. ಇನ್ಸುಲಿನ್ ಎಂದೊಡನೆ ಮನೆಯವರೆಲ್ಲರೂ “ಕಡೆಗಾಲ ಬಂದಿತೇ?” ಎಂದು ಬೆದರುವರು. ಇದು ತಪ್ಪು ತಿಳಿವಳಿಕೆ. ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದಲ್ಲಿ, ಇನ್ಸುಲಿನ್ನನ್ನು ಸ್ರವಿಸುವ ಶಕ್ತಿಯು ವರ್ಷಕ್ರಮೇಣ ಕುಂದುತ್ತ ಹೋಗುವುದು. 1977ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಮಹಾಪ್ರಯೋಗವೊಂದರಲ್ಲಿ, ರೋಗ ತಿಳಿದ 3 ವರ್ಷಗಳಲ್ಲಿ ಸುಮಾರು ಅರ್ಧ ಜನರಿಗೂ, 9 ವರ್ಷಗಳಲ್ಲಿ ಸುಮಾರು ಮುಕ್ಕಾಲು ಜನರಿಗೂ ಒಂದೇ ಔಷಧವು ಸಾಲದಾಯಿತು. ಆದುದರಿಂದ ಎರಡನೆಯ ಮಾತ್ರೆಯು ಪಥ್ಯಭಂಗಕ್ಕೆ ವಿಧಿಸಿದ ದಂಡವಲ್ಲ. ಬಹುಮಟ್ಟಿಗೆ ಅದು ರೋಗದ ಸ್ವಭಾವದಿಂದಲೇ ಬರತಕ್ಕದ್ದು.

ಕಾದರೆ ನಷ್ಟವೇನೆಂದು ಕೇಳಬಹುದು. ಸಕ್ಕರೆಯು ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುವುದು, ನೋವಿಲ್ಲವೆಂಬುದೇ ಮೋಸ. ಅದೇ ಪ್ರಯೋಗದಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಸೂಕ್ಷ್ಮ ರಕ್ತನಾಳಗಳ ಕೇಡು ಶೇಕಡಾ 25ರಷ್ಟು ಕಡಮೆಯಾಗಿದ್ದುದು 1998ರಲ್ಲಿ ಪ್ರಕಟವಾಯಿತು. ಪ್ರಯೋಗವು ಮುಗಿದು ಇಬ್ಬಣದವರ ಸಕ್ಕರೆಯೂ ಸರಿಸಮವಾದ ಮೇಲೂ, ಮೊದಲು ಎಚ್ಚರ ವಹಿಸಿದವರಿಗೆ ಆ ಲಾಭವು ಉಳಿದೇ ಇತ್ತೆಂದು 2008ರಲ್ಲಿ ತಿಳಿದುಬಂದಿತು. ಮೊದಲ ವರ್ಷಗಳಲ್ಲಿ ಕೂಡಿಟ್ಟುದು ಮುಂದೆ ಬಡ್ಡಿಸಹಿತ ಬರುವುದೆಂದು ನಾವು ಇದರಿಂದ ಗ್ರಹಿಸಬೇಕು.

ಹಾಗೆಂದು ಯಾರೂ ತಾವಾಗಿಯೇ ಔಷಧವನ್ನು ಹೆಚ್ಚಿಸಿಕೊಳ್ಳಕೂಡದು. ಸಕ್ಕರೆ ಮಿತಿಮೀರಿ ಇಳಿದರೆ ಬೆವರು, ನಡುಕ ಬಂದು ಎಚ್ಚರ ತಪ್ಪುವ ಭಯವುಂಟು. ವೃದ್ಧರಿಗೂ, ಬೇರೆ ಕಾಯಿಲೆಗಳುಳ್ಳವರಿಗೂ ವೈದ್ಯರು ತುಸು ಸಡಿಲವಾದ ಗುರಿಯನ್ನೇ ಇಡುವರು. ಪಥ್ಯ, ನಡಿಗೆಗಳನ್ನಂತೂ ಮಾತ್ರೆ ಎಷ್ಟಿದ್ದರೂ ಬಿಡತಕ್ಕದ್ದಲ್ಲ.

ನಮ್ಮ ಸೂಚನೆ ಇಷ್ಟೆ. ವೈದ್ಯರಲ್ಲಿಗೆ ಹೋದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿರಿ: ನಮ್ಮ ಗುರಿಯೆಷ್ಟು? ಈಗ ಎಲ್ಲಿದ್ದೇವೆ? ಗುರಿ ಮುಟ್ಟದಿದ್ದರೆ ಯಾವ ದಿನ, ಏನು ಬದಲಾಯಿಸುವಿರಿ? ಉತ್ತರಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡಿರಿ. ‘ನೋಡೋಣ’ ಎಂಬ ಮಾತಿಗೆ ತಾರೀಖೊಂದು ಸೇರಿದರೆ ಅದೇ ಚಿಕಿತ್ಸೆಯ ಕ್ರಮವಾಗುವುದು. ಇಲ್ಲವಾದರೆ ಬರಿಯ ಉದಾಸೀನವಾಗುವುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವ ಕಾಲವು ನಮ್ಮ ವಾಚಕರಲ್ಲಿ ಯಾರ ಮನೆಗೂ ಬಾರದಿರಲಿ.