ಟೋಪಿ ಕಾರ್ಖಾನೆಯ ಹುಡುಗ

ಬಾಕ್ಸಿಂಗ್ ಬಂದರೆ ಟಿ.ವಿ. ಆರಿಸುವವಳು ನಾನು. ಆದರೂ ಎಮೀಲ್ ಗ್ರಿಫಿತ್‌ನ ಕಥೆ ನಮ್ಮ ಹುಡುಗರಿಗೆ ಹೇಳಬೇಕೆನಿಸಿತು.

ವರ್ಜಿನ್ ದ್ವೀಪಗಳಲ್ಲಿ 1938ರಲ್ಲಿ ಹುಟ್ಟಿದ ಈತ ನ್ಯೂಯಾರ್ಕಿನಲ್ಲಿ ಹೆಂಗಸರ ಟೋಪಿ ಕಾರ್ಖಾನೆಯೊಂದರ ಕೆಲಸಗಾರ. ಅವನ ಮೈಕಟ್ಟು ಕಂಡ ಮಾಲೀಕನೇ ಅವನನ್ನು ಗಿಲ್ ಕ್ಲ್ಯಾನ್ಸಿಯ ಗರಡಿಗೆ ಸೇರಿಸಿದ. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೆನ್ನಿ ಪರೇಟ್‌ನನ್ನು ಸೋಲಿಸಿ ವೆಲ್ಟರ್‌ವೇಟ್ (147 ಪೌಂಡಿನವರೆಗಿನವರ ವರ್ಗ) ಪಟ್ಟ ಗೆದ್ದ; ಸೆಪ್ಟೆಂಬರಿನಲ್ಲಿ ಅವನಿಗೇ ಸೋತ.

ಮೂರನೆಯ ಪಂದ್ಯ 1962ರ ಮಾರ್ಚ್ 24ರಂದು. ಬೆಳಿಗ್ಗೆ ತೂಕ ನೋಡುವಾಗ ಪರೇಟ್ ಅವನನ್ನು 'ಗಂಡಸೇ ಅಲ್ಲ' ಎಂಬರ್ಥದ ಸ್ಪ್ಯಾನಿಷ್ ಬೈಗುಳದಿಂದ ಹಂಗಿಸಿದ. (ನಮ್ಮ ಹುಡುಗರೂ ಕ್ರಿಕೆಟ್ ಆಡುತ್ತಾ ಇಂಥ ಮಾತನ್ನು ನಗುನಗುತ್ತಲೇ ಆಡುವುದನ್ನು ಕೇಳಿದ್ದೇನೆ.) ರಾತ್ರಿ 12ನೆಯ ಸುತ್ತಿನಲ್ಲಿ, ಮೂಲೆಗೆ ಒರಗಿ ಕೈ ಎತ್ತಲಾರದೆ ನಿಂತ ಪರೇಟ್‌ಗೆ ಗ್ರಿಫಿತ್ ಬಿಡದೆ ಹೊಡೆದ. ರೆಫರಿ ತಡೆದದ್ದು ತಡವಾಯಿತು. ಅಮೆರಿಕದ ಮನೆಮನೆಗಳಲ್ಲಿ ಜನ ಟಿ.ವಿ.ಯಲ್ಲಿ ಅದನ್ನು ನೋಡುತ್ತಿದ್ದರು. ಹತ್ತು ದಿನಕ್ಕೆ ಪರೇಟ್ ತೀರಿಕೊಂಡ. ವಯಸ್ಸು 25.

ಕೊಲ್ಲಬೇಕೆಂದು ಹೊಡೆಯಲಿಲ್ಲ ಎಂದು ಗ್ರಿಫಿತ್ ಕೊನೆಯವರೆಗೂ ಹೇಳಿದ. 1977ರವರೆಗೆ ಆಡಿದನಾದರೂ ಮೊದಲಿನ ಹಾಗೆ ಎದುರಾಳಿಯ ಮೇಲೆರಗಲು ಅವನಿಂದಾಗಲಿಲ್ಲ. ಗಂಡಸರನ್ನೂ ಪ್ರೀತಿಸಿದ್ದೆನೆಂದು ಒಪ್ಪಿಕೊಂಡದ್ದು ಮುಪ್ಪಿನಲ್ಲಿ. ಅವನ ಕುರಿತ 2005ರ ಸಾಕ್ಷ್ಯಚಿತ್ರದಲ್ಲಿ ಪರೇಟ್‌ನ ಮಗ ಬಂದು ಅವನನ್ನು ತಬ್ಬಿಕೊಳ್ಳುತ್ತಾನೆ. ತಂದೆ ಸತ್ತಾಗ ಆ ಮಗ ಎಳೆಯ ಕೂಸು.